ಗೆರೆಯ ಮೇಲಿನ ಚೆಂಡು

ಮುನಿಶಾಮಪ್ಪ ಮೇಷ್ಟ್ರು ಹಿಂದಕ್ಕೆ ಓಡುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ, ಕಡ್ಡಿಯಂಥ ಕಾಲು, ಮೊಣಕಾಲು ಮುಟ್ಟುವ ಖಾಕಿ ಚಡ್ಡಿ. ಚೆಂಡು ಅವರ ಕಡೆಗೆ ನುಗ್ಗಿ ಬಂದರೆ ಉಳಿದ ರೆಫ್ರಿಗಳ ಹಾಗೆ ತಿರುಗಿ ಓಡುವುದಿಲ್ಲ. ಮುಖ ಚೆಂಡಿನ ಕಡೆಗೇ ಇಟ್ಟು, ಹಿಮ್ಮಡಿಯ ಮೇಲೆ ಹಿಂದಹಿಂದಕ್ಕೆ ಸರಸರನೆ ಸರಿದುಬಿಡುತ್ತಿದ್ದರು. ನೋಡಲು ಬಂದವರು ಮೊದಮೊದಲು ನಗುತ್ತಿದ್ದರು. ಎರಡು ಪಂದ್ಯ ನೋಡಿದ ಮೇಲೆ ಯಾರೂ ನಗುತ್ತಿರಲಿಲ್ಲ.

ನಾನೊಮ್ಮೆ ಕೇಳಿದ್ದೆ. "ಬೆನ್ನು ತಿರುಗ್ಸಿದ ಗಳಿಗೇಲಿ ಏನಾದ್ರೂ ಆಗೋದ್ರೆ, ಏನ್ ಕಂಡೆ ಅಂತ ವಿಷಲ್ ಊದ್ಲೋ?" ಎಂದಿದ್ದರು.

ಅವರು ಮುಳಬಾಗಿಲಿನ ನಮ್ಮ ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರು. ಊರು ದೇವರಾಯಸಮುದ್ರ; ಅಲ್ಲಿ ಒಂದಿಷ್ಟು ರಾಗಿ ಹೊಲ, ಹಿಪ್ಪುನೇರಳೆ ತೋಟ. ನನಗೆ ಗೋಲ್‌ಕೀಪರ್ ಕೆಲಸ ಕಲಿಸಿದವರು ಅವರೇ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಫುಟ್‌ಬಾಲ್ ರೆಫ್ರಿ ಅಂದರೆ ಮೇಷ್ಟ್ರೊಬ್ಬರೇ. ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಿ ಟೂರ್ನಮೆಂಟ್ ನಡೆದರೂ ಒಂದು ಕಾರ್ಡು ಬರೆದರೆ ಸಾಕು, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದರು. ಮನೆಮಾತು ತೆಲುಗು. ಆಟಗಾರರು ಸುತ್ತುಗಟ್ಟಿ ಜಗಳಕ್ಕೆ ನಿಂತರೆ ಅವರದು ಒಂದೇ ಮಾತು: "ನೇನು ಚೂಸಿನಾನ್ರಾ, ಅಂತೇ." ನಾನು ನೋಡಿದೆನಪ್ಪ, ಅಷ್ಟೇ. ಅದಾದ ಮೇಲೆ ವಾದ ಇರುತ್ತಿರಲಿಲ್ಲ.

ಹಟಮಾರಿಯಾಗಿದ್ದರು ಅಂತಲ್ಲ. ಒಮ್ಮೆ ಮಾಲೂರಿನಲ್ಲಿ ಗೋಲ್‌ಕಂಬಕ್ಕೆ ಕೆರೆಯ ಮೀನುಗಾರರ ಹಳೇ ಬಲೆ ಕಟ್ಟಿದ್ದರು. ಚೆಂಡು ಒಳಗೆ ಬಿದ್ದದ್ದು ನೋಡಿ ಮೇಷ್ಟ್ರು ಗೋಲು ಕೊಟ್ಟರು. ಆಟ ಮತ್ತೆ ಶುರುವಾಗುವ ಮೊದಲು ಏನೋ ಅನುಮಾನ ಬಂದು ಹೋಗಿ ಬಲೆಗೆ ಕೈ ಹಾಕಿದರು. ಪಕ್ಕದಲ್ಲಿ ತಲೆ ತೂರುವಷ್ಟು ತೂತು. ಚೆಂಡು ಕಂಬದ ಹೊರಗಿನಿಂದ ನುಸುಳಿತ್ತು. ಮೈದಾನದ ನಡುವೆ ನಿಂತು ಎರಡೂ ಕಡೆಯವರಿಗೆ ಕೈ ಮುಗಿದರು. "ತಪ್ಪಾಯ್ತಪ್ಪ. ನಾನು ಸರಿಯಾಗಿ ನೋಡ್ಲಿಲ್ಲ. ಗೋಲಿಲ್ಲ." ಗೋಲು ಕಳೆದುಕೊಂಡವರೂ ಚಪ್ಪಾಳೆ ತಟ್ಟಿದ್ದರು.

ಎಂಬತ್ತರ ದಶಕದ ನಡುವೆ, ಮಾವಿನ ಸುಗ್ಗಿಯಲ್ಲಿ, ಶ್ರೀನಿವಾಸಪುರದಲ್ಲಿ ಒಂದು ಫೈನಲ್. ಒಂದು ಕಡೆ ಆ ಊರಿನ ಟೀಮು, ಇನ್ನೊಂದು ಕಡೆ ನಮ್ಮ ಮುಳಬಾಗಿಲು. ಮೇಷ್ಟ್ರು ನಮ್ಮ ತಾಲ್ಲೂಕಿನವರು, ಬೇರೆಯವರನ್ನು ಕರೆಸೋಣವೇ ಎಂದು ಯಾರೋ ಅಂದಾಗ ಶ್ರೀನಿವಾಸಪುರದವರೇ ಬೇಡವೆಂದರು. "ಮೇಷ್ಟ್ರು ಇರ್ಲಿ, ಸಾಕು" ಎಂದರು. ಗೆದ್ದವರಿಗೆ ಕಪ್ಪು ಕೊಡುತ್ತಿದ್ದವರು ಅಲ್ಲಿನ ಒಬ್ಬ ಮಾವಿನ ಮಂಡಿ ಯಜಮಾನರು. ತಾವು ಕಪ್ಪು ಕೊಡುವುದನ್ನು ತೆಗೆಯಲೆಂದು ಮದುವೆಗಳಿಗೆ ವಿಡಿಯೋ ಹಿಡಿಯುವವನನ್ನು ಕೋಲಾರದಿಂದ ಕರೆಸಿದ್ದರು. ಬಂದವನು ಸುಮ್ಮನಿರದೆ, ಮೈದಾನದ ಪಕ್ಕ ನಿಂತಿದ್ದ ಲಾರಿಯ ಮೇಲೆ ಹತ್ತಿ ಇಡೀ ಆಟವನ್ನೇ ಹಿಡಿದ.

ನಾವು ಒಂದು ಗೋಲು ಮುಂದಿದ್ದೆವು. ಇನ್ನೇನು ಎರಡು ಮೂರು ನಿಮಿಷ ಅನ್ನುವಾಗ ಅವರಿಗೆ ಕಾರ್ನರ್ ಸಿಕ್ಕಿತು. ಒಬ್ಬ ತಲೆ ಕೊಟ್ಟ, ಚೆಂಡು ನೆಲಕ್ಕೆ ಬಡಿದು ನನ್ನ ಪಕ್ಕದಿಂದ ಜಾರಿತು. ನಾನು ಹಿಂದಕ್ಕೆ ಬಿದ್ದು ಎರಡೂ ಕೈಯಿಂದ ಅದನ್ನು ನೆಲಕ್ಕೆ ಒತ್ತಿ ಹಿಡಿದೆ. ನನ್ನ ಮುಖ ಚೆಂಡಿನಿಂದ ಒಂದು ಗೇಣು ದೂರದಲ್ಲಿತ್ತು. ಚೆಂಡಿನ ಕೆಳಗೆ ಗೆರೆಯ ಸುಣ್ಣ ಕಾಣುತ್ತಿತ್ತು. ಇಡೀ ಚೆಂಡು ಗೆರೆ ದಾಟಿದರೆ ಮಾತ್ರ ಗೋಲು. ಇದು ಗೆರೆಯ ಮೇಲೆ ಕೂತಿತ್ತು. ಮೇಷ್ಟ್ರು ಆಗಲೇ ಕಂಬದ ಹತ್ತಿರ ಬಂದಿದ್ದರು. ಬಗ್ಗಿ ನೋಡಿ, ಗೋಲಿಲ್ಲವೆಂದು ಕೈ ಆಡಿಸಿದರು. ನಾವು ಗೆದ್ದೆವು.

ಅದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ವಿಶ್ವಕಪ್ ಟಿವಿಯಲ್ಲಿ ಬರಲು ಶುರುವಾಗಿ, ಆದ ಗೋಲನ್ನು ಮತ್ತೆ ನಿಧಾನವಾಗಿ ತೋರಿಸುವುದನ್ನು ನಮ್ಮ ಕಡೆಯ ಜನ ಕಂಡಿದ್ದರು. ಫೈನಲ್ ಆದ ಎರಡನೆಯ ದಿನ ಮಂಡಿಯಲ್ಲಿ ಹಣ್ಣಿನ ಪೆಟ್ಟಿಗೆಗಳ ಮೇಲೆ ಟಿವಿ, ವಿಡಿಯೋ ಡೆಕ್ ಇಟ್ಟು ಕ್ಯಾಸೆಟ್ ಹಾಕಿದರು. ಆ ವಾರವೆಲ್ಲ ಬಸ್ಸು ಇಳಿದವರು ಮೊದಲು ಅಲ್ಲಿಗೇ ಹೋಗುತ್ತಿದ್ದರು. "ನಿಲ್ಸು, ನಿಲ್ಸು! ಹಿಂದಕ್ ಬಿಡು!" ಚಿತ್ರ ನಡುಗುತ್ತಾ ನಿಲ್ಲುತ್ತಿತ್ತು. ಚೆಂಡು ಒಳಗಿತ್ತು.

ಹೌದು, ನಾನೂ ಹೋಗಿ ನೋಡಿದೆ. ಅದರಲ್ಲಿ ಚೆಂಡು ಒಳಗೇ ಇತ್ತು. ಲಾರಿ ಇದ್ದದ್ದು ಮೈದಾನದ ನಡುಭಾಗದ ಪಕ್ಕ. ಅಷ್ಟು ದೂರದಿಂದ, ಎತ್ತರದಿಂದ, ಓರೆಯಾಗಿ ಹಿಡಿದ ಚಿತ್ರದಲ್ಲಿ ಧೂಳಿಗೆ ಗೆರೆ ಕಾಣುತ್ತಿರಲಿಲ್ಲ. ನನ್ನ ಮೈ ಗೆರೆಯಾಚೆ ಬಿದ್ದಿತ್ತು, ನನ್ನ ಜೊತೆಗೆ ಚೆಂಡೂ ಆಚೆಗೆ ಹೋದಂತೆ ಕಾಣುತ್ತಿತ್ತು. ಇದನ್ನು ಅಲ್ಲಿದ್ದವರಿಗೆ ಬಿಡಿಸಿ ಹೇಳಿದೆ. ಸುಣ್ಣ ಕಂಡದ್ದನ್ನೂ ಹೇಳಿದೆ.

"ಗೋಲ್‌ಕೀಪರ್ ನೀನೇ ಅಲ್ವೇನ್ಲಾ? ಇನ್ನೇನ್ ಹೇಳ್ತೀಯ ನೀನು!" ಎಂದು ಒಬ್ಬ ನಕ್ಕ.

ಹೋಟೆಲುಗಳಲ್ಲಿ ಅದೇ ಮಾತು. ಇನ್ನು ಮೇಲೆ ವಿಡಿಯೋ ನೋಡಿಯೇ ತೀರ್ಮಾನ ಮಾಡಬೇಕು, ಮನುಷ್ಯನ ಕಣ್ಣಿಗೆ ಪಕ್ಷಪಾತ ಇರುತ್ತದೆ, ಮೆಷಿನ್ನಿಗೆ ಯಾವ ತಾಲ್ಲೂಕು ಎಂದು ಹುಡುಗರು ಅನ್ನುತ್ತಿದ್ದರು. "ಮದ್ವೆ ಆದ್ಮೇಲೆ ವಿಡಿಯೋ ನೋಡ್ಕೊಂಡು ತಾಳಿ ಬಿಚ್ಚಕಾಯ್ತದೇನ್ರಲಾ?" ಎಂದು ಒಬ್ಬ ಹಿರಿಯರು ರೇಗಿದರು. ಎಲ್ಲರೂ ನಕ್ಕರು, ವಾದ ಮಾತ್ರ ನಿಲ್ಲಲಿಲ್ಲ. ಮೇಷ್ಟ್ರ ಹೆಸರಿನ ಜೊತೆ ಮೊದಲ ಸಲ 'ಪಕ್ಷಪಾತ' ಎಂಬ ಮಾತು ಸೇರಿಕೊಂಡಿತು.

ಮಂಡಿ ಯಜಮಾನರು ಮೇಷ್ಟ್ರಿಗೇ ಹೇಳಿಕಳಿಸಿದರು. ಹೋಗಬೇಡಿ ಸಾರ್ ಎಂದೆ. "ಯಾಕೋ, ನೋಡಕ್ಕೇನಂತೆ?" ಎಂದು ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ಮಂಡಿಯಲ್ಲಿ ಯಜಮಾನರು ಎದ್ದು ನಿಂತು, ತಮ್ಮ ಕುರ್ಚಿಯನ್ನೇ ಕೊಟ್ಟರು. ಅವಮಾನ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. "ಇನ್ನೊಂದ್ಸಲ" ಎಂದರು. ಮತ್ತೆ "ಇನ್ನೊಂದ್ಸಲ" ಎಂದರು. ಎಷ್ಟು ಸಲವೋ ನಾನು ಎಣಿಸಲಿಲ್ಲ. ಕೊನೆಗೆ ಎದ್ದು, "ಇದ್ರಲ್ಲಿ ಗೋಲಾಗಿದೆ" ಎಂದರು.

"ಹಂಗಾದ್ರೆ ಒಪ್ಕೊಂಡ್ರಾ ಸಾರ್?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

ಮೇಷ್ಟ್ರು ಕನ್ನಡಕ ಜೇಬಿಗಿಟ್ಟುಕೊಂಡು ಹೊರಗೆ ನಡೆದರು. ಬಸ್ಸಿನಲ್ಲಿ ಮುಳಬಾಗಿಲಿನ ತನಕ ಕಿಟಕಿಯ ಪಕ್ಕ ಕೂತಿದ್ದರು. ನಾನು ಏನೂ ಮಾತಾಡಲಿಲ್ಲ. ಅವತ್ತು ಮೈದಾನದಲ್ಲಿ ಅವರ ಕಣ್ಣಿಂದಲೇ ಅವರು ನೋಡಿದ್ದಾರೆ, ನಾನು ಹೇಳುವುದೇನಿದೆ ಎಂದುಕೊಂಡೆ.

ಕೆಲವು ತಿಂಗಳ ನಂತರ ಮಾಲೂರಿನಲ್ಲಿ ನಮ್ಮದೊಂದು ಸ್ನೇಹದ ಪಂದ್ಯವಿತ್ತು. ಮೇಷ್ಟ್ರೇ ರೆಫ್ರಿ. ಮಾಲೂರಿನ ಪರ ಸೋಮಾಚಾರಿ ಎಂಬ ಹುಡುಗ ಆಡುತ್ತಿದ್ದ. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಮನೆಯವನು, ಇಪ್ಪತ್ತು ಇಪ್ಪತ್ತೆರಡರ ವಯಸ್ಸು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ನಮ್ಮವನೊಬ್ಬ ಅವನನ್ನು ಹಿಂದಿನಿಂದ ಎಡವಿಸಿದ. ಎಲ್ಲರೂ ವಿಷಲ್‌ಗೆ ಕಾದರು. ಮೇಷ್ಟ್ರು ಅದನ್ನು ಬಾಯಿಗೆ ಇಟ್ಟುಕೊಂಡರು, ಊದಲಿಲ್ಲ. ಅವರ ಕಣ್ಣು ಮೈದಾನದ ಸುತ್ತ ನಿಂತ ಜನರ ಮೇಲೆ ಹೋಯಿತು. ಎಲ್ಲಾದರೂ ಕ್ಯಾಮೆರಾ ಇದೆಯೇ ಎಂದು ಹುಡುಕಿದರೆಂದು ನನಗೆ ಈಗಲೂ ಅನ್ನಿಸುತ್ತದೆ. ಎರಡನೆಯ ಸಲ ಮಾಲೂರಿನವರು ನಮ್ಮವನನ್ನು ತಳ್ಳಿದರು. ಆಗಲೂ ಊದಲಿಲ್ಲ. ರೆಫ್ರಿ ಸುಮ್ಮನಿದ್ದಾರೆಂದು ಗೊತ್ತಾದ ಮೇಲೆ ಎರಡೂ ಕಡೆಯವರು ಲಗಾಮು ಬಿಟ್ಟರು. ಅರ್ಧ ಆಟ ಮುಗಿಯುವ ಮೊದಲೇ ಸೋಮಾಚಾರಿಯ ಮೊಣಕಾಲಿನ ಕೆಳಗೆ ಮೂಳೆ ಮುರಿದ ಸದ್ದು ಗೋಲಿನಲ್ಲಿದ್ದ ನನಗೂ ಕೇಳಿಸಿತು.

ಕೋಲಾರದ ಆಸ್ಪತ್ರೆಗೆ ವ್ಯಾನಿನಲ್ಲಿ ಹೋಗುವಾಗ ಮೇಷ್ಟ್ರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ಮೊದಲನೇದಕ್ಕೇ ಊದ್ಬೇಕಿತ್ತು. ಕಂಡಿತ್ತು ಕಣೋ ನಂಗೆ. ಕಂಡಿತ್ತು" ಎಂದು ಹೇಳುತ್ತಲೇ ಇದ್ದರು. ಯಾರಿಗೆ ಹೇಳುತ್ತಿದ್ದರೋ ತಿಳಿಯಲಿಲ್ಲ.

ಕಾಲು ಕೂಡಿಕೊಂಡಿತು, ಆದರೆ ಗಿಡ್ಡವಾಯಿತು. ಮೇಷ್ಟ್ರು ಆಮೇಲೆ ಮೈದಾನಕ್ಕೆ ಇಳಿಯಲಿಲ್ಲ. ಕರೆದು ಬರೆದ ಕಾರ್ಡುಗಳಿಗೆ ಉತ್ತರ ಬರೆಯಲಿಲ್ಲ. ಅವಧಿಗೆ ಮೊದಲೇ ಕೆಲಸ ಬಿಟ್ಟು ಊರು ಸೇರಿದರು. ತಿಂಗಳಿಗೊಮ್ಮೆ ಮಾತ್ರ ಬಸ್ಸು ಬದಲಿಸಿ ಬದಲಿಸಿ ಶಿವಾರಪಟ್ಟಣಕ್ಕೆ ಹೋಗಿ, ಸೋಮಾಚಾರಿ ಕಲ್ಲು ಕೆತ್ತುವುದನ್ನು ನೋಡುತ್ತಾ ಒಂದು ಗಂಟೆ ಕೂತು ಬರುತ್ತಿದ್ದರು ಎಂದು ಕೇಳಿದ್ದೆ.

ಕೋಲಾರದಲ್ಲಿ ನನಗೆ ಕೆಲಸ ಸಿಕ್ಕಿ ಎರಡು ವರ್ಷವಾದ ಮೇಲೆ ಒಂದು ಭಾನುವಾರ ದೇವರಾಯಸಮುದ್ರಕ್ಕೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಕೂತು ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು. ತುಂಬಾ ಇಳಿದುಹೋಗಿದ್ದರು. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ಅದೂ ಇದೂ ಮಾತಾದ ಮೇಲೆ ನಾನೇ ತೆಗೆದೆ.

"ಸಾರ್, ಅವತ್ತು ಗೋಲಾಗಿರ್ಲಿಲ್ಲ. ಚೆಂಡಿನ ಕೆಳಗೆ ಸುಣ್ಣ ಇತ್ತು. ನನ್ನ ಕಣ್ಣಾರೆ ನೋಡ್ದೆ."

ಅವರ ಕೈ ನಿಂತಿತು. "ಅವತ್ತೇ ಯಾಕೋ ಹೇಳ್ಲಿಲ್ಲ?"

"ಎಲ್ರಿಗೂ ಹೇಳ್ದೆ ಸಾರ್. ಯಾರೂ ನಂಬ್ಲಿಲ್ಲ."

"ನನಗೆ ಹೇಳ್ಲಿಲ್ವಲ್ಲೋ."

"ನೀವೇ ನೋಡಿದ್ರಲ್ಲ ಸಾರ್..."

"ನೋಡಿದ್ದೆ. ಆ ಟಿವೀಲಿ ಅಷ್ಟು ಸಲ ನೋಡಿದ್ಮೇಲೆ ನಾನು ನೋಡಿದ್ದು ಯಾವ್ದು, ಅದು ತೋರ್ಸಿದ್ದು ಯಾವ್ದು, ಗೊತ್ತಾಗ್ದೆ ಹೋಯ್ತು. ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ಯಲ್ಲೋ ನೀನು."

ಅವರು ಬೈಯಲಿಲ್ಲ. ಮತ್ತೆ ಸೊಪ್ಪು ಹೆಚ್ಚತೊಡಗಿದರು. ಹೊರಟಾಗ ಬಸ್ಸಿನ ತನಕ ಬಂದು, "ಹುಷಾರು ಕಣೋ" ಎಂದರು. ಅದೇ ಕೊನೆ.

ಮುಂದಿನ ವರ್ಷ ಸೋಮಾಚಾರಿ ನನ್ನನ್ನು ಹುಡುಕಿಕೊಂಡು ಕೋಲಾರಕ್ಕೆ ಬಂದ. ಕುಂಟುತ್ತಾ ಮೆಟ್ಟಿಲು ಹತ್ತಿ ಬಂದು, ಎದೆನೋವು ಬಂದು ಮೇಷ್ಟ್ರು ತೀರಿಹೋಗಿ ಹದಿನೈದು ದಿನವಾಯಿತೆಂದು ಹೇಳಿದ. ತಿಂಗಳ ಭೇಟಿಗೆ ಬರಲಿಲ್ಲವೆಂದು ಇವನೇ ಅವರ ಊರಿಗೆ ಹೋದಾಗ ಗೊತ್ತಾಯಿತಂತೆ.

"ಕೊನೇ ಸಲ ಬಂದಿದ್ದಾಗ ನಿಮ್ ಮಾತು ತೆಗ್ದಿದ್ರಣ್ಣ. ಗೋಲ್‌ಕೀಪರ್ ಬಂದಿದ್ದ, ಅವತ್ತು ಗೋಲಾಗಿರ್ಲಿಲ್ಲ ಅಂದ ಅಂತ ಹೇಳಿದ್ರು" ಎಂದ.

"ನಂಬಿದ್ರಾ?" ಎಂದು ಕೇಳಿದೆ.

ಸೋಮಾಚಾರಿ ನೆಲ ನೋಡಿದ. "ನಾನೂ ಅದ್ನೇ ಕೇಳ್ದೆ ಅಣ್ಣ. 'ಒಳ್ಳೇ ಹುಡುಗ ಅವ್ನು. ನನ್ ಮೇಲಿನ ಪ್ರೀತಿಗೆ ಹಂಗಂದಿರ್ತಾನೆ' ಅಂದ್ರು."