ಮೈಮುನಾಳ ಮರುವಾಯಿ ಕೆಟ್ಟಿರಲಿಲ್ಲ

ಸದಾನಂದಣ್ಣನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದು ಮೈಮುನಾ ಕಳಿಸಿದ ಮರುವಾಯಿ ಚಿಪ್ಪಿನ ಪದಾರ್ಥ ಅಲ್ಲ. ನಾನು ಕಾಯಿಸಿದ ಜಿನ್ನು ಸಾರಾಯಿ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಮರುವಾಯಿಯ ಹೆಸರು ಹೇಳಿದೆ. ಆರೇಳು ವರ್ಷವಾಯಿತು — ಆ ಮಾತನ್ನು ಇನ್ನೂ ಹಿಂದೆ ತೆಗೆದುಕೊಂಡಿಲ್ಲ.

ಬರೆದು ನನಗೆ ರೂಢಿ ಇಲ್ಲ. ಆದರೆ ಇದನ್ನು ಬೇರೆಯವರ ಕೈಯಲ್ಲಿ ಬರೆಸಿದರೆ ಅವರು ಅಲ್ಲಲ್ಲಿ ಮೆತ್ತಗೆ ಮಾಡಿಬಿಡುತ್ತಾರೆ. ಮೆತ್ತಗೆ ಆಗುವುದು ಬೇಡ.

ಮಗಳು ಶಶಿ, ಅಳಿಯ ಲೋಕೇಶ ಇರುವುದು ಈ ಕೊಲ್ಲಿ ದೇಶದ ಮಾಹೂಝ್‌ನ ಫ್ಲ್ಯಾಟಿನಲ್ಲಿ. ಮೊಮ್ಮಗಳನ್ನು ನೋಡಿಕೊಳ್ಳಲು ಬಂದವಳು ನಾನು ಇಲ್ಲೇ ಉಳಿದೆ. ಆಗ ನಮ್ಮ ಕೆಳಗಿನ ಮನೆಯಲ್ಲಿ ಮೈಮುನಾ ಇದ್ದಳು, ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಇವಳು ಹತ್ತಿರದ ಜುಫೈರ್‌ನಲ್ಲಿ ಒಂಟಿಯಾಗಿರುವ ಹುಡುಗರಿಗೆಲ್ಲ ಊಟದ ಡಬ್ಬಿ ಕಳಿಸುತ್ತಿದ್ದಳು. ಅವಳ ಕೈರುಚಿಯ ಮೇಲೆಯೇ ಆ ಮನೆ ನಡೆಯುತ್ತಿತ್ತು. ಮನೆಯಲ್ಲಿ ಏನಾದರೂ ವಿಶೇಷ ಮಾಡಿದರೆ ಒಂದು ಪಾತ್ರೆ ನಮಗೂ ಬರುತ್ತಿತ್ತು.

ಇನ್ನು ಜಿನ್ನಿನ ವಿಷಯ. ಅಂಗಡಿಯಲ್ಲಿ ಸಿಗುವ ವಸ್ತು, ನಮ್ಮಂಥವರು ಹೋಗಿ ತರಬಹುದು. ಮನೆಯಲ್ಲಿ ಕಾಯಿಸುವುದು ಮಾತ್ರ ಅಪರಾಧ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಊರಿಗೆ ವಿಮಾನ. ಮತ್ತೆ ಯಾಕೆ ಕಾಯಿಸಿದಿರಿ ಎಂದರೆ — ಜಂಬ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಯಾರೋ ಬಿಳಿಯ ತನ್ನ ಮನೆಯಲ್ಲೇ ಜಿನ್ನು ಮಾಡುವುದನ್ನು ಫೋನಿನಲ್ಲಿ ನೋಡಿ ಲೋಕೇಶ ಹುಚ್ಚು ಹಿಡಿಸಿಕೊಂಡ. ನಾನು ಸುಮ್ಮನಿರಬಹುದಿತ್ತು. ‘ನನ್ನಜ್ಜಿ ಗೇರುಹಣ್ಣಿನ ಸಾರಾಯಿ ಕಾಯಿಸ್ತಿದ್ಳು, ನನಗೆ ಗೊತ್ತಿಲ್ಲದ್ದು ಎಂತ ಉಂಟು’ ಎಂದೆ. ಸುಳ್ಳು. ಅಜ್ಜಿ ನನ್ನನ್ನು ಒಲೆಯ ಹತ್ತಿರ ಬಿಡುತ್ತಲೇ ಇರಲಿಲ್ಲ. ನಾನು ಬಾವಿಯಿಂದ ನೀರು ಹೊತ್ತವಳು, ಅಷ್ಟೇ.

ಬಚ್ಚಲಿನ ಬಕೆಟಿನಲ್ಲಿ ಸಕ್ಕರೆಯನ್ನೂ ಖರ್ಜೂರವನ್ನೂ ಕೊಳೆಹಾಕಿದೆವು. ಮೇಲೆ ಬೂದು ಬಣ್ಣದ ನೊರೆ, ಹುಳಿ ನಾತ. ಮೊಮ್ಮಗಳು ಮೂಗು ಹಿಡಿದುಕೊಂಡು ಸ್ನಾನಕ್ಕೆ ಹೋಗುತ್ತಿದ್ದಳು. ಪಕ್ಕದವರಿಗೆ ತಿಳಿಯಬಾರದೆಂದು ನಾನು ಇಲ್ಲಿಯವರ ಧೂಪ ಬಖೂರಿನ ಹೊಗೆ ಹಾಕುತ್ತಿದ್ದೆ. ನಾತಕ್ಕೆ ಸುಗಂಧ ಸೇರಿದರೆ ಅದು ಇನ್ನೂ ಹೇಸಿಗೆ. ಲೋಕೇಶ ಕುಕ್ಕರಿಗೆ ಕೊಳವೆ ಸಿಕ್ಕಿಸಿದ. ಜಿನ್ನಿಗೆ ಬೇಕೇ ಬೇಕೆಂದು ಜುನಿಪರ್ ಎಂಬ ಒಣಕಾಯಿ ತರಿಸಿದ್ದ. ಜೊತೆಗೆ ಕೊತ್ತಂಬರಿ ಬೀಜ, ಏಲಕ್ಕಿ, ಇಲ್ಲಿಯವರು ಅಡುಗೆಗೆ ಬಳಸುವ ಕಪ್ಪು ಒಣನಿಂಬೆ ಹಾಕಿದ್ದು ನಾನು.

ಮೊದಲ ಹನಿ ಬಿದ್ದಾಗ ಉಗುರಿನ ಬಣ್ಣ ಒರೆಸುವ ನೀರಿನ ವಾಸನೆ ಬಂತು.

‘ಅತ್ತೆ, ಇದನ್ನು ಚೆಲ್ಲಬೇಕಂತೆ. ಸುರುವಿಗೆ ಬರುದು ವಿಷವಂತೆ’ ಎಂದ ಲೋಕೇಶ.

‘ತೆಂಗಿನಕಾಯಿಯ ಮೊದಲ ಹಾಲು ಯಾರಾದ್ರೂ ಚೆಲ್ತಾರಾ? ಅದರಲ್ಲೇ ಸಾರ ಇರುದು. ನಿಮ್ಮ ಬಿಳಿಯನಿಗೆಂತ ಗೊತ್ತು!’

ಅವನು ನಕ್ಕುಬಿಟ್ಟ. ಕಾಯಿಹಾಲಿನ ಮಾತಿನಲ್ಲಿ ನನ್ನೆದುರು ಯಾರು ನಿಲ್ಲುತ್ತಾರೆ? ಮೊದಲ ಹಾಲನ್ನು ಬೇರೆ ತೆಗೆದಿಟ್ಟು ಕೊನೆಯಲ್ಲಿ ಹಾಕುವುದು ನಮ್ಮ ಕ್ರಮ. ಇದನ್ನೂ ಹಾಗೆಯೇ ಬೇರೆ ಬಾಟಲಿಯಲ್ಲಿ ಎತ್ತಿಟ್ಟೆ — ದೊಡ್ಡವರಿಗೆ ಕೊಡುವುದಕ್ಕೆಂದು. ನನ್ನ ಮೂಗು ಬೇಡ ಬೇಡ ಎನ್ನುತ್ತಿತ್ತು. ಮೂಗಿನ ಮಾತನ್ನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಸದಾನಂದಣ್ಣ ಬಂದ. ಲೋಕೇಶನಿಗೆ ಇಲ್ಲಿ ಕೆಲಸ ಕೊಡಿಸಿದ ಹಿರಿಯ. ಅದೇ ದಿನ ಮೈಮುನಾ ಕಾಯಿತುರಿ ಹಾಕಿ ಒಣಗಿಸಿದ ಮರುವಾಯಿ ಸುಕ್ಕ ಕಳಿಸಿದ್ದಳು. ಮಗಳಿಗೂ ಅಳಿಯನಿಗೂ ಚಿಪ್ಪಿನ ಪದಾರ್ಥ ಆಗದು. ತಿಂದದ್ದು ಸದಾನಂದಣ್ಣ ಮತ್ತು ನಾನು. ನಾನು ಚಿಪ್ಪುಗಳನ್ನು ಚೀಪಿ ಚೀಪಿ ತಿಂದೆ — ಇದನ್ನು ನೆನಪಿಡಿ. ಎತ್ತಿಟ್ಟ ಬಾಟಲಿ ಅವನೊಬ್ಬನಿಗೇ. ಲೋಕೇಶ ಕುಡಿದದ್ದು ಆಮೇಲೆ ಇಳಿದದ್ದನ್ನು.

‘ಯಶೋದಕ್ಕ, ಇದು ಗಂಟಲಲ್ಲಿ ಗರಗಸ ಎಳೆದ ಹಾಗೆ ಉಂಟಲ್ಲ!’ ಎಂದು ಸದಾನಂದಣ್ಣ ನಗುತ್ತಲೇ ಖಾಲಿ ಮಾಡಿದ. ಸಂಜೆಯ ಹೊತ್ತಿಗೆ ಸೋಫಾದ ಮೇಲೆ, ನೆಲದ ಮೇಲೆ, ತನ್ನ ಅಂಗಿಯ ಮೇಲೆ ವಾಂತಿ ಮಾಡಿಕೊಂಡ. ಕಣ್ಣಿಗೆ ಮಂಜು ಕವಿದಿದೆ, ಎದುರು ಯಾರಿದ್ದಾರೆಂದು ತಿಳಿಯುತ್ತಿಲ್ಲ ಎಂದ. ಅದನ್ನೆಲ್ಲ ಬಾಚಿದ್ದು ನಾನು. ಬಾಚುವಾಗ ಆ ಉಗುರುಬಣ್ಣದ ನೀರಿನ ವಾಸನೆಯೇ ಬಂತು. ಆಗಲೇ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಏನು ತಿಂದರೆಂದು ಕೇಳಿದರು. ಲೋಕೇಶ ಬಾಯಿ ತೆರೆಯುವ ಮೊದಲೇ ನಾನು, ‘ಮರುವಾಯಿ. ಕೆಳಗಿನ ಮನೆಯಿಂದ ಬಂದದ್ದು’ ಎಂದೆ. ಕುಡಿದದ್ದು ಅಂಗಡಿಯದ್ದು ಎಂದೆವು. ಅವರು ಇಲ್ಲದ ಕಾಯಿಲೆಗೆ ಮದ್ದು ಹುಡುಕುತ್ತಿದ್ದರೆ ಅವನ ಕಣ್ಣೇ ಹೋಗಬಹುದಿತ್ತು. ಆಗ ನಾನು ಯೋಚಿಸುತ್ತಿದ್ದದ್ದು ಮಾತ್ರ — ಮನೆಗೆ ಹೋಗಿ ಕುಕ್ಕರನ್ನು ಎಲ್ಲಿ ಎಸೆಯಲಿ ಎಂದು.

ಅವನು ಬದುಕಿದ. ಕಣ್ಣೂ ಮರಳಿತು. ಮರುವಾಯಿಯ ಸುದ್ದಿ ಅವನಿಗಿಂತ ಬೇಗ ಆಸ್ಪತ್ರೆಯಿಂದ ಹೊರಗೆ ಬಂದಿತ್ತು. ನಮ್ಮ ಕಡೆಯವರು ಇಲ್ಲಿ ಎಷ್ಟು ಮಂದಿ? ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಹೇಳಿದ ಹಾಗೆ.

ಮೈಮುನಾ ಮೇಲೆ ಬಂದಳು. ಬೈಯಲಿಲ್ಲ. ‘ಯಶೋದಕ್ಕ, ನೀವೂ ತಿಂದಿದ್ದೀರಲ್ಲಾ? ನಿಮಗೆಂತ ಆಗ್ಲಿಲ್ಲ ಅಲ್ವಾ?’ ಎಂದು ಕೇಳಿದಳು. ಒಂದು ಹೌದು ಸಾಕಿತ್ತು ಅವಳಿಗೆ.

‘ಇಲ್ಲ. ನಾನು ಮುಟ್ಟಲೇ ಇಲ್ಲ.’

ಅವಳು ನನ್ನ ಫ್ರಿಜ್ಜು ತೆರೆದಳು. ಉಳಿದ ಸುಕ್ಕದ ಪಾತ್ರೆ ಹಾಗೇ ಇತ್ತು. ನಿಂತಲ್ಲೇ ತಣ್ಣಗಿನ ಮರುವಾಯಿಯನ್ನು ಕೈಯಲ್ಲಿ ತೆಗೆದು ತಿನ್ನತೊಡಗಿದಳು. ಎಣ್ಣೆ ಗಟ್ಟಿಯಾಗಿತ್ತು. ತಿನ್ನುತ್ತಲೇ, ‘ನೋಡಿ. ನಾನು ಸಾಯ್ತೇನಾ ನೋಡುವಾ’ ಎಂದಳು. ಕಣ್ಣಲ್ಲಿ ನೀರಿಳಿಯುತ್ತಿತ್ತು, ಬಾಯಿ ಜಗಿಯುತ್ತಿತ್ತು. ನಾನು ಅದನ್ನು ನೋಡುತ್ತಾ ನಿಂತು ಹೇಳಿದ ಮಾತು ಇದು:

‘ನಿನ್ನ ಹೊಟ್ಟೆಗೆ ಅದೆಲ್ಲ ಅಭ್ಯಾಸ ಇರ್ಬಹುದು ಮೈಮುನಾ.’

ಅವಳು ಜಗಿಯುವುದನ್ನು ನಿಲ್ಲಿಸಿದಳು. ಪಾತ್ರೆಯನ್ನು ನನ್ನ ಸಿಂಕಿನಲ್ಲೇ ತೊಳೆದು, ತೆಗೆದುಕೊಂಡು ಹೋದಳು.

ಡಬ್ಬಿಗಳು ಒಂದೊಂದಾಗಿ ನಿಂತವು. ಯಾರೂ ಕಾರಣ ಹೇಳಲಿಲ್ಲ, ಊರಿಗೆ ಹೋಗುತ್ತೇನೆ, ಡಯಟ್ ಮಾಡುತ್ತೇನೆ ಎಂದರು. ಬಾಡಿಗೆ ಕಟ್ಟಲಾಗದೆ ಮೈಮುನಾ, ಅವಳ ಗಂಡ ಅರಾದ್‌ಗೆ, ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡಿರುವ ಮನೆಗೆ ಹೋದರು. ಈಗ ಅವಳು ಒಂದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುತ್ತಾಳೆ. ಅಷ್ಟು ಚಂದ ಅಡುಗೆ ಮಾಡುವವಳು ಬೇರೆಯವರು ಸೀಯಿಸಿದ ತಳ ಉಜ್ಜುತ್ತಾಳೆ. ಒಮ್ಮೆ ಮದುವೆಯ ಮಂಟಪದಲ್ಲಿ ಎದುರು ಸಿಕ್ಕಿದಳು. ‘ಸೌಖ್ಯವಾ ಯಶೋದಕ್ಕ?’ ಎಂದಳು. ಉಗಿದಿದ್ದರೆ ಚೆನ್ನಾಗಿತ್ತು. ನಾನು ತಟ್ಟೆ ಕೆಳಗಿಟ್ಟು ಬಚ್ಚಲಿಗೆ ಹೋದೆ. ವಾಂತಿ ಬರಲಿಲ್ಲ. ಹೊಟ್ಟೆಯಲ್ಲಿ ಇರುವುದು ಹೊರಗೆ ಬರುವ ಜಾತಿಯದ್ದಲ್ಲ.

ಹೋದ ತಿಂಗಳು ಸದಾನಂದಣ್ಣನಿಗೆ ಫೋನು ಮಾಡಿದೆ. ಅವನೀಗ ಊರಲ್ಲೇ ಇದ್ದಾನೆ. ಎಲ್ಲ ಹೇಳಿದೆ. ಅವನು ನಕ್ಕ — ‘ಹಳೇ ಕತೆ, ಬಿಡಿ ಯಶೋದಕ್ಕ. ನಾನು ಬದುಕಿದ್ದೇನಲ್ಲ!’ ಆ ಕ್ಷಮೆ ನನಗೆ ಎಂಜಲಿನ ಹಾಗೆ ಕಂಡಿತು. ಅವನದ್ದು ಹೊಟ್ಟೆ, ಗುಣವಾಯಿತು. ಮೈಮುನಾಳದ್ದು ಹೆಸರು. ಅದನ್ನು ಗುಣ ಮಾಡಬೇಕಾದವಳು ನಾನು — ಇಷ್ಟು ವರ್ಷ ಏನು ಮಾಡುತ್ತಿದ್ದೆ? ಮೂರು ಹೊತ್ತು ಉಣ್ಣುತ್ತಿದ್ದೆ.

ಎಲ್ಲರೆದುರು ನಿಜ ಹೇಳಿಬಿಡುತ್ತೇನೆ ಎಂದರೆ ಶಶಿ ಅಳುತ್ತಾಳೆ. ‘ಅಮ್ಮಾ, ಯಾರಾದ್ರೂ ಪೊಲೀಸರಿಗೆ ಹೇಳಿದ್ರೆ? ಇವರ ವೀಸಾ ಹೋದ್ರೆ ಮಗುವಿನ ಶಾಲೆ ಎಂತ ಮಾಡುದು?’ ಅವಳ ಹೆದರಿಕೆ ಸುಳ್ಳಲ್ಲ. ಮೊದಲ ಹನಿ ಚೆಲ್ಲಬೇಡ ಎಂದದ್ದು, ಬಾಟಲಿ ಎತ್ತಿಟ್ಟದ್ದು, ಬಡಿಸಿದ್ದು, ಸುಳ್ಳು ಹೇಳಿದ್ದು ನಾನು. ಕೇಳುವವರು ನನ್ನನ್ನು ಕೇಳಲಿ. ವಿಮಾನ ಹತ್ತಿಸುವುದಾದರೆ ಹತ್ತಿಸಲಿ. ಶಶಿಗೂ ಲೋಕೇಶನಿಗೂ ಏನಾದರೂ ಆದರೆ ಅದೂ ನನ್ನ ಲೆಕ್ಕಕ್ಕೇ.

ಈ ಶುಕ್ರವಾರ ಅರಾದ್‌ಗೆ ಹೋಗುತ್ತೇನೆ. ಒಳಗೆ ಕೂತು ಮೆಲ್ಲಗೆ ಕೈ ಹಿಡಿದು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ನನ್ನ ಹೊಟ್ಟೆ ತೊಳೆದುಕೊಳ್ಳುವುದು ಮಾತ್ರ. ಅವಳ ಹೆಸರು ಕೆಡಿಸಿದ್ದು ಎಲ್ಲರ ಕಿವಿಯಲ್ಲಿ. ಅವಳು ಬಾಗಿಲು ಹಾಕಿದರೂ ಸರಿ, ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಹೇಳುತ್ತೇನೆ. ಅಕ್ಕಪಕ್ಕದವರು ಹೊರಗೆ ಬಂದು ಕೇಳಲಿ.