ಕುರಿರೊಪ್ಪದಲ್ಲಿ ಬ್ಯಾಂಡು

“ಆಗೋ ಮಾತಲ್ಲ ಕಣವ್ವ” ಎಂದವರು ಹೊರಗಿನವರಲ್ಲ, ನಮ್ಮ ದೊಡ್ಡಪ್ಪ. ಹಾಗೆನ್ನುವಾಗ ಅವರ ಎಡಗೈ ಹೆಬ್ಬೆರಳು ತಬ್ಬಲಿ ಮರಿಯೊಂದರ ಬಾಯಲ್ಲಿತ್ತು. ಮರಿಗಳು ಚೀಪಿ ಚೀಪಿ ಆ ಬೆರಳಿನ ಉಗುರು ಹಳ್ಳದ ಕಲ್ಲಿನಂತೆ ನುಣ್ಣಗಾಗಿತ್ತು.

ನಾನು ಕೇಳಿದ್ದು ಇಷ್ಟೇ: ಐಮಂಗಲದಾಚೆ ನಮ್ಮ ಕುರಿ ಕೂಡುವ ರೊಪ್ಪದಲ್ಲಿ ಒಂದು ಬ್ಯಾಂಡು ಹಾಡಬೇಕು, ನಾನದನ್ನು ಚಿತ್ರೀಕರಿಸಬೇಕು. ಚಿತ್ರದುರ್ಗದ ಕಾಲೇಜಿನಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷ. ಈ ವಿಡಿಯೋನೇ ನನ್ನ ಪ್ರಾಜೆಕ್ಟ್, ಅದನ್ನು ಸಲ್ಲಿಸದಿದ್ದರೆ ಡಿಗ್ರಿ ಇಲ್ಲ. ನಮ್ಮ ಮನೆತನದಲ್ಲಿ ಪಿಯುಸಿ ದಾಟಿದವಳು ನಾನೊಬ್ಬಳೇ. ಫೇಲಾಗಿ ಬಂದರೆ ಮತ್ತೆ ಕಳಿಸುವವರಿರಲಿಲ್ಲ.

ಈ ಹುಚ್ಚು ಹತ್ತಿದ್ದು ಫೋನಿನಿಂದ. ಸಣ್ಣಪುಟ್ಟ ಬ್ಯಾಂಡಿನವರು ವೇದಿಕೆ ಬಿಟ್ಟು ಕ್ಷೌರದಂಗಡಿಯಲ್ಲಿ, ಒಣಗಿದ ಬಾವಿಯೊಳಗೆ, ದೋಣಿಯ ಮೇಲೆ ಹಾಡುವ ವಿಡಿಯೋಗಳು. ರಜೆಗೆ ಬಂದಾಗ ದೊಡ್ಡಪ್ಪನಿಗೂ ತೋರಿಸುತ್ತಿದ್ದೆ. “ಪಾಪ, ಇವ್ರಿಗೆ ಮನೆ ಇಲ್ವೇನೆ?” ಎಂದು ಮೊದಮೊದಲು ನಕ್ಕರು. ಆಮೇಲೆ ತಾವೇ ಬಂದು, “ಲೇ, ಆ ದೋಣಿಯೋರ್ನ ಹಾಕು” ಎನ್ನತೊಡಗಿದರು. ಹಾಡಿನ ಭಾಷೆ ತಿಳಿಯದು. “ನೀರು ಬಡಿಯೋದೂ ಕೇಳ್ತೈತೆ ನೋಡು” ಎಂದು ಅದೊಂದನ್ನೇ ನಾಲ್ಕು ಸಲ ನೋಡಿದ್ದುಂಟು. ಕಿವಿಯ ಮನುಷ್ಯ. ಕುರಿಗಳನ್ನು ಎಣಿಸುವುದಿಲ್ಲ, ದನಿ ಕೇಳಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಾರೆ.

ಬೇಡವೆನ್ನಲು ಅವರಿಗೆ ಕಾರಣವಿತ್ತು. ಬೆದರಿದ ಕುರಿ ತನ್ನ ಮರಿಗೆ ಹಾಲು ಬಿಡುವುದಿಲ್ಲ. ಆಗ ರೊಪ್ಪದ ತುಂಬ ಎಳೆ ಮರಿಗಳು. ಎರಡು ದಿನ ನನ್ನ ಸಪ್ಪೆ ಮುಖ ನೋಡಿದರು. ಮೂರನೆಯ ದಿನ, “ಕರ್ಕಂಡ್ ಬಾ. ಡೋಲು ಮಾತ್ರ ನಾ ಹೇಳ್ದಂಗೆ ಬಾರಿಸ್ಬೇಕು” ಎಂದರು.

ಬ್ಯಾಂಡಿನ ಮೂವರು ದುರ್ಗದಿಂದ ಬಂದರು. ಅವರಿಗಿದ್ದದ್ದು ಒಂದೇ ದಿನದ ಬಿಡುವು. ಧ್ವನಿಮುದ್ರಣ ಸ್ಥಳದಲ್ಲೇ, ಒಂದೇ ಟೇಕಿನಲ್ಲಿ ಆಗಬೇಕೆಂದು ಕಾಲೇಜಿನ ಮೇಷ್ಟರ ಕಟ್ಟಪ್ಪಣೆ. ಕುರಿಗಳು ಮೇಯಲು ಹೋದ ಮಧ್ಯಾಹ್ನ ರೊಪ್ಪ ತಣ್ಣಗಿರುತ್ತದೆಂದು ನಾನು ಹೊತ್ತು ಗೊತ್ತುಮಾಡಿದ್ದೆ. ಗಿಟಾರಿನ ಮೊದಲ ತಂತಿ ಮೀಟಿದ್ದೇ ತಡ, ಹಿಂದೆ ಉಳಿದ ಮರಿಗಳೆಲ್ಲ ತಾಯಿಗಾಗಿ ಒದರತೊಡಗಿದವು. ಐದು ಸಲ ಶುರು ಮಾಡಿದೆವು, ಐದು ಸಲ ನಿಲ್ಲಿಸಿದೆವು. ಬಿಸಿಲು ಇಳಿಯುತ್ತಿತ್ತು.

ಕುರಿ ಹೊಡೆದುಕೊಂಡು ಬಂದ ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು. “ಕುರಿಯೋರ ಮನೇಲಿ ಹುಟ್ಟಿ, ಹಸಿದ ಮರಿ ಸುಮ್ನಿರಲ್ಲ ಅಂಬೋದು ಮರ್ತೇನವ್ವ? ಕುಂತ್ಕಳ್ರಿ ಎಲ್ರೂ.”

ಬಾಗಿಲಿಗಿದ್ದ ಬಿದಿರು ತಟ್ಟಿಯನ್ನು ಸರಿಸಿ ಕುರಿಗಳನ್ನು ಒಳಗೆ ಬಿಟ್ಟರು. ಕಿವಿಗಡಚಿಕ್ಕುವ ಗದ್ದಲ. ಒಂದೊಂದು ಮರಿ ತನ್ನ ತಾಯಿಯನ್ನು ಸೇರಿದಂತೆ ಒಂದೊಂದು ದನಿ ಅಡಗಿತು. ಕೊನೆಗೆ ಮೆಲುಕು ಹಾಕುವ ಸದ್ದಷ್ಟೇ ಉಳಿಯಿತು. ದೊಡ್ಡಪ್ಪ ಹೆಗಲ ಕಂಬಳಿ ತೆಗೆದು ಡೋಲಿಗೆ ಹೊದಿಸಿ ಪಿಸುಗುಟ್ಟಿದರು: “ಹೂಂ, ಬಾರಿಸ್ರಿ.”

ಒಂದೇ ಟೇಕು. ನಡುವೆ ಕುರಿಯೊಂದು ಗಂಟೆ ಕಟ್ಟಿದ ಕೊರಳು ಕೊಡವಿತು. ವಿಡಿಯೋ ನೋಡಿದ ಮೇಷ್ಟರು ಗಂಟೆ ಬಾರಿಸಿದವರು ಯಾರೆಂದು ಕೇಳಿದರು. ಇಂಥ ಎಷ್ಟೋ ವಿಡಿಯೋ ನೋಡಿದ್ದೇನೆ. ನನಗೆ ಇವತ್ತಿಗೂ ಅದೇ ಇಷ್ಟ. ಅದರೊಳಗಿನ ಮೌನ ದೊಡ್ಡಪ್ಪ ಮಾಡಿಕೊಟ್ಟದ್ದು.

ಡಿಗ್ರಿ ಪ್ರಮಾಣಪತ್ರ ಸಿಕ್ಕ ದಿನ ಬಸ್ಸಿಳಿದು ನೇರ ರೊಪ್ಪಕ್ಕೆ ಹೋಗಿ ಅವರ ಕೈಗಿಟ್ಟೆ. ಓದು ಬಾರದವರು, ಅಂಚು ಹಿಡಿದು ಬಹಳ ಹೊತ್ತು ನೋಡಿದರು. ಬೇಲಿಯಾಚೆಯಿಂದ ನನ್ನ ಇಬ್ಬರು ತಂಗಿಯರು ಇಣುಕುತ್ತಿದ್ದರು. ಅವರತ್ತ ಕೈ ತೋರಿಸಿ ಹೇಳಿದರು:

“ಮುಂದಿನ ಕುರಿ ಓಡಬಾರ್ದು ಕಣವ್ವ, ಹಿಂದಿನವು ದಾರಿ ತಪ್ತಾವೆ. ಇವು ಬರೋಗಂಟ ನಿಧಾನಕ್ಕೆ ನಡಿ.”