ಎಣ್ಣೆ ಹತ್ತದ ಕಾಗದ

ನಮ್ಮ ಫೋರ್‌ಮನ್ನರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವುದೋ ಕಾಲದಲ್ಲಿ ಅದನ್ನು ಲೇಥ್ ಮಷಿನ್ನಿಗೆ ಕೊಟ್ಟು ಬಂದಿದ್ದರು. ಆ ಬೋಳು ಬೆರಳಿನಿಂದಲೇ ಅವರು ಎಲ್ಲವನ್ನೂ ಸವರಿ ನೋಡುತ್ತಿದ್ದರು: ಕೊರೆದ ಕಬ್ಬಿಣ, ಚಹಾ ಕಪ್ಪಿನ ಅಂಚು, ಊಟದ ಬಿಡುವಿನಲ್ಲಿ ಓದುವ ಬೈಬಲ್ಲಿನ ಹಾಳೆ. ನಾವು ಮೈಕ್ರೋಮೀಟರ್ ಹಿಡಿದು ಅಳೆಯುವ ಮೊದಲೇ ಆ ಬೆರಳು ಇದು ನಡೆಯುವುದಿಲ್ಲ ಎಂದು ಹೇಳಿಬಿಡುತ್ತಿತ್ತು. ಹಾಳಾದ್ದು, ಒಮ್ಮೆಯೂ ತಪ್ಪುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಆಟೋ ನಗರದಲ್ಲಿ ನೀರೆತ್ತುವ ಪಂಪಿನ ಬಾಡಿ ಕೊರೆಯುವ ಒಂದು ಸಣ್ಣ ವರ್ಕ್‌ಶಾಪು. ನಾನು ಅಲ್ಲಿ ಸೂಪರ್‌ವೈಸರ್. ಡಿಪ್ಲೊಮಾ ಆಗಿತ್ತು, ವಯಸ್ಸು ಇಪ್ಪತ್ತೇಳು, ಗತ್ತು ಅದಕ್ಕಿಂತ ಹೆಚ್ಚು. ಫೋರ್‌ಮನ್ನರು ದಿನಾ ಖಾನಾಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದರು. ರೈಲು ತಡವಾದರೆ ಯಾರೂ ಕೇಳದಿದ್ದರೂ ಗೇಟಿನ ರಿಜಿಸ್ಟರಿನಲ್ಲಿ ತಾವೇ ‘ತಡ’ ಎಂದು ಬರೆಯುತ್ತಿದ್ದರು. ನಾವಿಬ್ಬರೂ ಕ್ರೈಸ್ತರು. ನಾನು ಊರಿನ ಕ್ಯಾಂಪ್ ಬಡಾವಣೆಯ ಚರ್ಚಿನಲ್ಲಿ ಯುವಕರ ಸಂಘದ ಮುಂದಾಳು. ಸೇವಕನಾಗಿ ನಡೆಸುವುದೇ ನಿಜವಾದ ನಾಯಕತ್ವ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ನಿಲ್ಲದೆ ಮಾತಾಡಬಲ್ಲವನು. ಒಮ್ಮೆ ಅವರನ್ನೂ ಕೇಳಲು ಕರೆದೆ. ಬಂದರು, ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದರು. ಹೇಗಿತ್ತು ಎಂದು ಮರುದಿನ ಕೇಳಿದ್ದಕ್ಕೆ, “ಚಲೋ ಮಾತಾಡ್ತಿ ತಮ್ಮಾ. ಐತವಾರದ ಮಾತು ಸೋಮವಾರ ಇಲ್ಲಿ ಕೆಲಸಕ್ಕ ಬರ್ತೈತೇನು ನೋಡು,” ಎಂದರು. ನನಗೆ ಮೈಯೆಲ್ಲ ಉರಿದಿತ್ತು.

ಅವರ ಒಂದು ರೂಢಿಯಂತೂ ನನಗೆ ದಿನದ ತಲೆನೋವು. ಕೆಟ್ಟ ಮಾಲು ಇಡಲು ಮೂಲೆಯಲ್ಲಿ ಒಂದು ಕಟ್ಟೆ ಇತ್ತು. ಬೇರೆ ಕಡೆಯಾದರೆ ಕೆಡಿಸಿದವನ ಹೆಸರನ್ನು ಸೂಪರ್‌ವೈಸರ್ ಬರೆಯುತ್ತಾನೆ, ಎಲ್ಲರೆದುರು ನಾಲ್ಕು ಬೈಯುತ್ತಾನೆ, ಮುಗಿಯಿತು. ನಮ್ಮಲ್ಲಿ ಹಾಗಿಲ್ಲ. ಕೆಡಿಸಿದವನೇ ಚಾಕ್ ತೆಗೆದುಕೊಂಡು ಆ ಕಬ್ಬಿಣದ ಮೇಲೆ ತನ್ನ ಹೆಸರು ಬರೆಯಬೇಕು. ಬರೆಯುವ ತನಕ ಇವರು ಕಾಯುತ್ತಿದ್ದರು, ಒಂದು ದಿನವೋ ಎರಡು ದಿನವೋ. ಬರೆದ ಮೇಲೆ ಬೈಗುಳವಿಲ್ಲ. ಎಲ್ಲಿ ತಪ್ಪಿತೆಂದು ಇಬ್ಬರೂ ಕೂತು ನೋಡುವುದು. ಹೀಗಾದರೆ ಜನರಿಗೆ ಹೆದರಿಕೆ ಎಲ್ಲಿ ಉಳಿಯುತ್ತದೆ ಎಂದು ನಾನು ಜಗಳ ತೆಗೆಯುತ್ತಿದ್ದೆ. ಅವರು ನಕ್ಕುಬಿಡುತ್ತಿದ್ದರು.

ಆ ಮಳೆಗಾಲ ಪಂಪಿನ ಡ್ರಾಯಿಂಗ್ ಬದಲಾಯಿತು. ತೂತು ಅರ್ಧ ಮಿಲಿಮೀಟರ್ ಸಣ್ಣದಾಗಬೇಕಿತ್ತು. ಹೊಸ ಡ್ರಾಯಿಂಗನ್ನು ಬೋರಿಂಗ್ ಮಷಿನ್ನಿನ ಹಲಗೆಗೆ ಹಚ್ಚುವುದು ನನ್ನ ಕೆಲಸ. ಮಡಚಿ ಬ್ಯಾಗಿನಲ್ಲಿಟ್ಟವನು ಮರೆತೇಬಿಟ್ಟೆ. ಆ ಮಷಿನ್ ನಡೆಸುತ್ತಿದ್ದವನು ಬೆಳಗಾವಿಯೊಳಗಿನ ಶಹಾಪುರದ ನೇಕಾರರ ಮನೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಅಣ್ಣಾ ಎಂದೇ ಕರೆಯುತ್ತಿದ್ದೆ. ವರ್ಷದಿಂದ ಅದೇ ಬಾಡಿ ಕೊರೆದು ಕೊರೆದು ಕಾಗದ ನೋಡುವುದನ್ನೇ ಬಿಟ್ಟಿದ್ದ. ಮೂರು ದಿನ ಹಳೇ ಅಳತೆಗೇ ಕೊರೆದ. ನಲವತ್ತು ಬಾಡಿ ಕೆಟ್ಟವು. ಸುದ್ದಿ ತಿಳಿದ ಕೂಡಲೇ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನಾನು ಹಳೇ ಡ್ರಾಯಿಂಗ್ ಕಿತ್ತು ಹೊಸದನ್ನು ಹಚ್ಚಿದೆ. ಮಾಲೀಕರು ಬಂದಾಗ ಹಲಗೆಯತ್ತ ಕೈ ತೋರಿಸಿ, ಅಣ್ಣ ಸರಿಯಾಗಿ ನೋಡಿಲ್ಲ ಎಂದೆ. ಹೌದು, ಹಾಗೆಯೇ ಅಂದೆ. ಅಣ್ಣ ಆ ಕಾಗದವನ್ನು ನೋಡಿ ತಲೆ ತಗ್ಗಿಸಿದ. ತಪ್ಪು ತನ್ನದೇ ಎಂದು ಅವನೂ ನಂಬಿಬಿಟ್ಟ.

ಫೋರ್‌ಮನ್ನರು ಬಂದು ಕಾಗದವನ್ನು ಹೆಬ್ಬೆರಳಿನಿಂದ ಸವರಿದರು. ಮೂರು ದಿನ ಮಷಿನ್ನಿನ ಪಕ್ಕ ತೂಗಿದ ಕಾಗದ ಎಣ್ಣೆ ಹತ್ತಿ ಕಪ್ಪಾಗಿರಬೇಕು. ಇದು ಬಿಳಿಯಾಗಿಯೇ ಇತ್ತು, ಮಡಿಕೆ ಕೂಡ ಬಿಟ್ಟಿರಲಿಲ್ಲ. ಅವರು ತಮ್ಮ ಬೆರಳನ್ನು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಮಾಲೀಕರು ಅಣ್ಣನನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇನೆಂದು ಕೂಗಾಡತೊಡಗಿದ್ದರು. ಫೋರ್‌ಮನ್ನರು ಚಾಕ್ ತೆಗೆದು ಎದುರಿನ ಬಾಡಿಯ ಮೇಲೆ ತಮ್ಮ ಹೆಸರು ಬರೆದರು.

“ಮೊದಲನೇ ಪೀಸ್ ನಾ ತಪಾಸ ಮಾಡಬೇಕಿತ್ತು ಸಾಹೇಬ್ರ. ಮಾಡಲಿಲ್ಲ. ಅಂವನ್ನ ಬಿಡ್ರಿ.”

ಅಣ್ಣನ ಕೆಲಸ ಉಳಿಯಿತು. ನಿವೃತ್ತಿಯಾದ ಮೇಲೂ ಎರಡು ವರ್ಷ ಫೋರ್‌ಮನ್ನರನ್ನು ಇಟ್ಟುಕೊಳ್ಳುವ ಮಾತಿತ್ತು, ಅದು ಅಲ್ಲಿಗೇ ನಿಂತಿತು. ಅವರ ಕುರ್ಚಿ ಇನ್ನು ನನಗೇ ಎಂದು ವರ್ಕ್‌ಶಾಪಿನಲ್ಲೆಲ್ಲ ಸುದ್ದಿಯಾಯಿತು.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಮನುಷ್ಯ ಬೈಯಲಿಲ್ಲ. ಎರಡು ತಿಂಗಳು ಕಾದರು! ದಿನಾ ಬೆಳಿಗ್ಗೆ ನಮಸ್ಕಾರ, ಅದೇ ನಗು, ಅದೇ ಚಹಾ. ಚಾಕಿನ ತುಂಡು ಕಟ್ಟೆಯ ಮೇಲೆ ಕೈಗೆ ಸಿಗುವಂತೆ ಇರುತ್ತಿತ್ತು. ನನಗೆ ಅದನ್ನು ಕಂಡರೆ ಸಿಟ್ಟು, ಅವರನ್ನು ಕಂಡರೆ ಇನ್ನೂ ಸಿಟ್ಟು. ಆದರೆ ಬರೆಯಲಿಲ್ಲ. ಐತವಾರ ಐತವಾರ ಭಾಷಣ ಮಾತ್ರ ಮಾಡುತ್ತಲೇ ಇದ್ದೆ. ಇತ್ತ ಅಣ್ಣ ಒಂದೊಂದು ತೂತನ್ನು ಐದೈದು ಸಲ ಅಳೆಯತೊಡಗಿದ. ಅಳೆಯುವಾಗ ಕೈ ನಡುಗುತ್ತಿತ್ತು. ಕೊನೆಗೊಂದು ದಿನ ತಮ್ಮನ ಪವರ್‌ಲೂಮ್ ನೋಡಿಕೊಳ್ಳುತ್ತೇನೆ ಎಂದು ಕೆಲಸ ಬಿಟ್ಟುಹೋದ.

ಅವತ್ತು ಸಂಜೆ ಫೋರ್‌ಮನ್ನರು ಊರಿನ ರೈಲು ಹತ್ತಲಿಲ್ಲ. ನನ್ನ ಟೇಬಲ್ಲಿನ ಎದುರು ಬಂದು ನಿಂತರು.

“ನಿನ್ನ ಕಾಯ್ಕೋತ ಕುಂತು ಅಂವನ್ನ ಕಳಕೊಂಡೆ. ನಡಿ, ಶಹಾಪುರಕ್ಕ ಹೋಗೂಣು. ನಿಂದು ನೀ ಹೇಳು, ನಂದು ನಾ ಹೇಳ್ತೇನಿ.”

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಅವತ್ತೇ ನನ್ನ ಕಪಾಳಕ್ಕೆ ಬಿಗಿಯಬೇಕಿತ್ತು ನೀವು ಎಂದು ಅವರ ಮೇಲೆಯೇ ಹರಿಹಾಯ್ದೆ. ಅವರು ಸಮಾಧಾನ ಹೇಳಲಿಲ್ಲ. “ಖರೇ, ಹೊಡೀಬೇಕಿತ್ತು. ನಾ ಕಾದ್ರ ಎಲ್ಲಾರೂ ತಾವಾಗಿ ಬರೀತಾರ ಅಂತ ತಿಳಕೊಂಡಿದ್ದೆ. ಅದು ನನ್ನ ಸೊಕ್ಕು,” ಎಂದರು.

ಅಣ್ಣನ ಮನೆಯಲ್ಲಿ ಮಗ್ಗದ ಸದ್ದು ಎಷ್ಟಿತ್ತೆಂದರೆ, ನಾನು ತಪ್ಪೊಪ್ಪಿಕೊಳ್ಳಲು ಮೊದಲು ಅದನ್ನು ನಿಲ್ಲಿಸಬೇಕಾಯಿತು. ಎಲ್ಲವನ್ನೂ ಹೇಳಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ನಿಮಗೂ ಗೊತ್ತಿತ್ತೇ ಎಂದು ಫೋರ್‌ಮನ್ನರನ್ನು ಕೇಳಿದ.

“ಅವತ್ತ ಗೊತ್ತಾತು. ಸುಮ್ನ ಕುಂತೆ. ತಪ್ಪಾತು.”

“ನನ್ನ ಕೈಗೋಳ ಕೆಟ್ಟಾವು ಅಂತ ತಿಳಕೊಂಡಿದ್ನಿರಿ,” ಎಂದ ಅಣ್ಣ. ಕುಂದರ್ರಿ ಎಂದೂ ಅನ್ನಲಿಲ್ಲ, ಮತ್ತೆ ಕೆಲಸಕ್ಕೂ ಬರಲಿಲ್ಲ. ಬರಬೇಕೆಂದು ಕೇಳುವ ಮುಖ ನಮಗಿಬ್ಬರಿಗೂ ಇರಲಿಲ್ಲ.

ಮರುದಿನ ಮಾಲೀಕರಿಗೆ ಹೇಳಿದೆ. ಮುಂದೆ ಫೋರ್‌ಮನ್ನರು ನಿವೃತ್ತರಾದಾಗ ಆ ಕುರ್ಚಿಗೆ ಹೊರಗಿನವರು ಬಂದರು. ಮಾಲೀಕರಿಗೆ ಹೇಳಿದ ದಿನವೇ ಕಟ್ಟೆಗೆ ಹೋಗಿ ಆ ಬಾಡಿಯ ಮೇಲೆ ನನ್ನ ಹೆಸರು ಬರೆದೆ. ಫೋರ್‌ಮನ್ನರ ಹೆಸರನ್ನು ಅಳಿಸಲು ಕೈ ಎತ್ತಿದೆ. ಅವರು ತಡೆದರು. ತಮ್ಮದೂ ಇರಲಿ, ಸುಮ್ಮನೆ ಕೂತದ್ದಕ್ಕೆ ಎಂದರು.

ನಾಲ್ಕು ವರ್ಷದ ಮೇಲೆ ಖಾನಾಪುರದಲ್ಲಿ ಅವರನ್ನು ಮಣ್ಣು ಮಾಡಿದೆವು. ಅಣ್ಣನೂ ಬಂದಿದ್ದ. ಗುಂಡಿಯ ಆಚೆ ಬದಿಯಲ್ಲಿ ನಿಂತು ಎರಡೂ ಕೈಯಿಂದ ಮಣ್ಣು ಹಾಕಿದ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ, ನಡುಗುತ್ತಿರಲಿಲ್ಲ. ನನ್ನನ್ನು ಮಾತಾಡಿಸದೆ ಬಸ್ಸಿಗೆ ಹೋದ.

ಈಗ ನಾನೂ ಒಂದು ಕಡೆ ಫೋರ್‌ಮನ್. ಚರ್ಚಿನಲ್ಲಿ ಭಾಷಣ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಮಾಲು ಕೆಟ್ಟಿತೆಂದು ಕೇಳಿದ ಕೂಡಲೇ ಇವತ್ತಿಗೂ ಮೊದಲು ಕಣ್ಣೆದುರು ಬರುವುದು ಇನ್ನೊಬ್ಬನ ಮುಖವೇ. ಇಷ್ಟು ವರ್ಷವಾದರೂ ಈ ಬುದ್ಧಿ ಹೋಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವರಂತೆ ಎರಡು ದಿನ ಕಾಯುವುದು ನನ್ನಿಂದಾಗದು, ಕಾಯಲೂಬಾರದು. ನೆಟ್ಟಗೆ ಮಷಿನ್ನಿನ ಹತ್ತಿರ ಹೋಗಿ ಹಲಗೆಯ ಮೇಲಿನ ಕಾಗದವನ್ನು ಹೆಬ್ಬೆರಳಿನಿಂದ ಸವರುತ್ತೇನೆ. ಬೆರಳು ಕಪ್ಪಾದರೆ ಮಾತ್ರ ಇನ್ನೊಬ್ಬನನ್ನು ಕರೆಯುತ್ತೇನೆ.